ಮೇಸ್ತ್ರಿಯ ಅಂಗಡಿಯಲ್ಲಿ ಭಾನುವಾರದ ಓದು

ಚಿನ್ನಿಗೆ ನಾಲ್ಕು ತುಂಬುತ್ತಾ ಬಂದಿತ್ತು. ಇನ್ನೂ ಮಾತಿಲ್ಲ.

ನೀರು ಬೇಕು ಅಂದರೆ ಲೋಟ ತೋರಿಸುತ್ತಿದ್ದಳು. ಹೊರಗೆ ಹೋಗಬೇಕು ಅನಿಸಿದರೆ ಚಪ್ಪಲಿ ತಂದು ಅಪ್ಪನ ಕಾಲ ಹತ್ತಿರ ಇಡುತ್ತಿದ್ದಳು. ಬೇಡ ಅನ್ನೋದಕ್ಕೆ ತಲೆ ಅಲ್ಲಾಡಿಸುವಳು. ಬೇಕು ಅನ್ನೋದಕ್ಕೆ ಅದೂ ಇಲ್ಲ, ಸುಮ್ಮನೆ ನೋಡುವಳು. ಅಳುವಾಗ ಕೂಡ ಸದ್ದು ಬರುತ್ತಿರಲಿಲ್ಲ.

ಬೀದಿಯವರಿಗೆ ಅದೇ ಮೆಚ್ಚುಗೆ. "ಮಗು ಅಂದ್ರೆ ಹೀಗಿರಬೇಕು ನೋಡು. ಒಂದು ಚೂರು ಗಲಾಟೆ ಇಲ್ಲ" ಅನ್ನುತ್ತಿದ್ದರು.

ಅವಳಪ್ಪ ಬಡಗಿ. ಬೀದಿಯಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಮನೆಯ ಮುಂದಿನ ಭಾಗವೇ ಅವನ ಅಂಗಡಿ. ಬಾಗಿಲು, ಕಿಟಕಿ, ಮಂಚ, ಮೇಜು, ಏನು ಬೇಕಾದರೂ ಮಾಡಿಕೊಡುತ್ತಿದ್ದ. ಹೋದ ವರ್ಷ ಅವನ ಹೆಂಡತಿ ಜ್ವರ ಅಂತ ಮಲಗಿದವಳು ಆಸ್ಪತ್ರೆಗೆ ಹೋಗಿ ತಿರುಗಿ ಬರಲಿಲ್ಲ. ಆಮೇಲೆ ಅವನ ಅಕ್ಕ ಬಂದು ಮನೆ ನೋಡಿಕೊಂಡಳು. ಅಕ್ಕನಿಗೂ ಒಂದು ಕ್ಯಾಂಟೀನಿನಲ್ಲಿ ಅಡುಗೆ ಕೆಲಸ. ಬೆಳಿಗ್ಗೆ ಹೋದರೆ ಸಂಜೆ ಸುಸ್ತಾಗಿ ಬರುವಳು. ಹಾಗಾಗಿ ಹಗಲೆಲ್ಲಾ ಮಗು ಅಂಗಡಿಯಲ್ಲೇ. ಗರಗಸದ ಮಷೀನಿನಿಂದ ದೂರ, ಒಂದು ಮೂಲೆಯಲ್ಲಿ, ಮೇಸ್ತ್ರಿ ಅವಳಿಗೋಸ್ಕರ ಮರದ ಪಟ್ಟಿಗಳಿಂದ ಒಂದು ಕಟಕಟೆ ಮಾಡಿದ್ದ. ಅಂಚೆಲ್ಲಾ ಉಜ್ಜಿ ನುಣುಪು ಮಾಡಿದ್ದ. ಅದರೊಳಗೆ ದಿಂಬು, ದಿಂಬಿನ ಮೇಲೆ ಚಿನ್ನಿ, ಚಿನ್ನಿ ಕೈಯಲ್ಲಿ ಫೋನು.

ಅವನು ಕೆಟ್ಟ ಅಪ್ಪ ಅಲ್ಲ. ಮಗು ಕಣ್ಮುಂದೆ ಇರಲಿ, ಗಾಯ ಆಗದೆ ಇರಲಿ, ಇಷ್ಟೇ ಅವನ ಆಸೆ.

ಒಂದು ದಿನ ಲಸಿಕೆ ಹಾಕಿಸೋಕೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ನರ್ಸಮ್ಮ ಅದೇ ಬೀದಿಯ ಕೊನೆಯ ಮನೆಯವಳು. ಚಿನ್ನಿ ಹುಟ್ಟಿದಾಗಿನಿಂದ ನೋಡಿದವಳು. ಸೂಜಿ ಚುಚ್ಚಿದಾಗ ಮಗುವಿನ ಕಣ್ಣಲ್ಲಿ ನೀರು ತುಂಬಿತು, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿಕೊಂಡೇ ಇತ್ತು. ನರ್ಸಮ್ಮ ಹತ್ತಿಯನ್ನು ಒತ್ತಿ ಹಿಡಿದು ಕೇಳಿದಳು: "ಮೇಸ್ತ್ರಿ, ಇವಳು ಎರಡು ವರ್ಷದಲ್ಲೇ ಅತ್ತೆ, ಬೆಕ್ಕು, ಬಾ, ಕೊಡು ಅಂತೆಲ್ಲಾ ಅಂತಿದ್ಲಲ್ಲ?"

"ಅಂತಿದ್ಲು. ಈಗ ಬಿಟ್ಟಿದ್ದಾಳೆ."

"ಕಿವಿ ಪರೀಕ್ಷೆ ಮಾಡಿಸಿ ಅಂದಿದ್ದೆ."

"ಮಾಡಿಸ್ದೆ ನರ್ಸಮ್ಮ. ಕಿವಿ ಚೆನ್ನಾಗಿದೆ, ನಾಲಿಗೆನೂ ಸರಿ ಇದೆ ಅಂದ್ರು. ಮಾತಿನ ತರಬೇತಿಗೆ ಬನ್ನಿ ಅಂತ ಚೀಟಿ ಕೊಟ್ಟಿದ್ದಾರೆ."

"ಹೋದ್ರಾ?"

ಮೇಸ್ತ್ರಿ ನೆಲ ನೋಡಿದ. "ಕೆಲಸ ಜಾಸ್ತಿ ಇತ್ತು. ತಾನಾಗೇ ಬರುತ್ತೆ ಬಿಡಿ. ನಾನೂ ಮಾತಾಡಿದ್ದು ತಡವಾಗೇ ಅಂತೆ."

"ತರಬೇತಿಗೆ ಹೋಗಲೇಬೇಕು. ಅದು ಒಂದು. ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮನೇಲಿ ಇವಳ ಜೊತೆ ಯಾರು ಮಾತಾಡ್ತೀರಾ?"

ಮೇಸ್ತ್ರಿ ಬೆಳಿಗ್ಗೆಯಿಂದ ತಾನು ಮಗುವಿಗೆ ಏನೇನು ಹೇಳಿದ್ದೆ ಅಂತ ಯೋಚಿಸಿದ. ಊಟ ಮಾಡು. ಆ ಕಡೆ ಹೋಗಬೇಡ. ಮಲಕ್ಕೋ. ಅಷ್ಟೇ. ನಿನ್ನೆಯೂ ಅಷ್ಟೇ. ಮನೆಯಲ್ಲಿ ಮಾತಾಡುತ್ತಿದ್ದವಳು ಅವಳಮ್ಮ. ಸೊಪ್ಪು ಬಿಡಿಸುವಾಗಲೂ ಸೊಪ್ಪಿನ ಜೊತೆ ಮಾತಾಡುವ ಹೆಂಗಸು ಅವಳು. ಅವಳು ಹೋದಮೇಲೆ ಆ ಮನೆಗೆ ಮಾತೇ ಮರೆತುಹೋಗಿತ್ತು.

"ಫೋನ್ ಕೊಟ್ಟಿದ್ದೀನಲ್ಲ, ಅದರಲ್ಲಿ ದಿನವಿಡೀ ಹಾಡು, ಮಾತು ಎಲ್ಲಾ ಬರುತ್ತೆ" ಅಂದ.

"ಫೋನು ಮಾತಾಡುತ್ತೆ ಮೇಸ್ತ್ರಿ. ಆದ್ರೆ ಇವಳು ಏನಂತಾಳೆ ಅಂತ ಅದು ಕಾಯಲ್ಲ" ಅಂದಳು ನರ್ಸಮ್ಮ. "ಮಗುಗೆ ಮಾತು ಬರೋದು ಮನುಷ್ಯರ ಮುಖ ನೋಡಿ. ದಿನಾ ಒಂದು ಸಣ್ಣ ಪುಸ್ತಕ ಓದಿ ಹೇಳಿ. ಚಿತ್ರ ತೋರಿಸಿ."

ಮೇಸ್ತ್ರಿಗೆ ನಗು ಬಂತು. "ಅಕ್ಷರ ಗೊತ್ತಿಲ್ಲದ ಮಗುಗೆ ಪುಸ್ತಕನಾ? ಇನ್ನೂ ಗೋಡೆನೇ ಎದ್ದಿಲ್ಲ, ಕಿಟಕಿಗೆ ಅಳತೆ ತಗೊಳ್ಳಿ ಅಂದಂಗಾಯ್ತು."

"ಅಕ್ಷರಕ್ಕೆ ಕಣ್ಣು ಬೇಕು, ಕಥೆಗೆ ಕಿವಿ ಸಾಕು" ಅಂದಳು ನರ್ಸಮ್ಮ. "ನಮ್ಮ ಬೀದಿಯಲ್ಲಿ ಇಂಥ ಮಕ್ಕಳು ಇನ್ನೂ ಇದ್ದಾರೆ. ಅಪ್ಪ ಅಮ್ಮ ಇಬ್ಬರೂ ದುಡಿಯೋಕೆ ಹೋಗ್ತಾರೆ, ಮಕ್ಕಳು ಫೋನ್ ಮುಂದೆ. ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಒಂದು ಕಡೆ ಕೂರಿಸಿ ಕಥೆ ಓದೋಣ ಅಂತ ನನಗೆ ತುಂಬಾ ದಿನದಿಂದ ಆಸೆ. ಇಲ್ಲಿಗೆ ಕರೆದ್ರೆ ಸೂಜಿ ನೆನಪಾಗಿ ಬಾಗಿಲಲ್ಲೇ ಅಳ್ತಾರೆ. ನಿಮ್ಮ ಅಂಗಡಿ ದೊಡ್ಡದಿದೆ. ಭಾನುವಾರ ಹೇಗೂ ಮುಚ್ಚಿರುತ್ತೆ."

"ಅಯ್ಯೋ, ಮಷೀನು, ಮೊಳೆ, ಉಳಿ ಇರೋ ಜಾಗ ಅದು. ಮಕ್ಕಳಿಗೆ ಏನಾದ್ರೂ ಆದ್ರೆ ಯಾರು ಹೊಣೆ? ಬೇಡ."

ಅವತ್ತು ಅಲ್ಲಿಗೆ ಮುಗಿಯಿತು ಅಂದುಕೊಂಡ. ಆದರೆ ಸಂಜೆ ಅಕ್ಕನ ಹತ್ತಿರ ಬಾಯಿ ಬಿಟ್ಟ. ಅಕ್ಕ ಪಾತ್ರೆ ತೊಳೆಯೋದು ನಿಲ್ಲಿಸಿ ತಿರುಗಿದಳು.

"ಬೇಡ ಅಂದ್ಯಾ? ಯಾಕೋ?"

"ಓದಿದ್ರೆ ಮಾತು ಬರುತ್ತಾ ಅಕ್ಕಾ? ಸುಮ್ನೆ."

"ಬರುತ್ತೋ ಬಿಡುತ್ತೋ ನನಗೆ ಗೊತ್ತಿಲ್ಲ ಕಣೋ. ಈ ಮನೆಯಲ್ಲಿ ಉಸಿರು ಕಟ್ಟುತ್ತೆ, ಅದು ಗೊತ್ತು. ನೀನು ಮಾತಾಡಲ್ಲ. ಅದೂ ಮಾತಾಡಲ್ಲ. ಬಾಗಿಲು ತೆಗಿ. ನಾಲ್ಕು ಜನ ಬರಲಿ."

ಅಕ್ಕ ಹಾಗೆ ಅಂದಮೇಲೆ ಮೇಸ್ತ್ರಿ ನರ್ಸಮ್ಮನ ಮನೆಗೆ ಹೋಗಿ ಹೇಳಿದ: "ಒಂದು ಭಾನುವಾರ ಜಾಗ ಕೊಡ್ತೀನಿ. ನನ್ನನ್ನ ಓದು ಗೀದು ಅಂತ ಕರೀಬೇಡಿ."

ಸುದ್ದಿ ಬೀದಿಯ ಸಂಘದ ಸೆಕ್ರೆಟರಿಗೆ ತಲುಪಿತು. ಸೆಕ್ರೆಟರಿ ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ನಲ್ಲಿ ಕೆಟ್ಟರೂ ಮೊದಲು ಓಡಿ ಬರುವವನು. ಅವನಿಗೆ ಇದ್ದ ಚಟ ಒಂದೇ, ಮೈಕು. "ಇಂಥಾ ಒಳ್ಳೆ ಕೆಲಸ ಸುಮ್ನೆ ಮಾಡೋದಾ? ಎಲ್ಲಾ ನನಗೆ ಬಿಡಿ" ಅಂದ. ನರ್ಸಮ್ಮ ಆ ವಾರ ಕೆಲಸದ ಒತ್ತಡದಲ್ಲಿದ್ದಳು, ಬಿಟ್ಟಳು.

ಭಾನುವಾರ ಬಂತು. ಅಂಗಡಿಯ ಮುಂದೆ ಬ್ಯಾನರು. ಒಳಗೆ ಎರಡು ದೊಡ್ಡ ಸ್ಪೀಕರು. ಮುಂದಿನ ಸಾಲಿನ ಕುರ್ಚಿಗಳಲ್ಲಿ ದೊಡ್ಡವರು, ಹಿಂದೆ ನೆಲದ ಮೇಲೆ ಮಕ್ಕಳು. ಸ್ವಾಗತ ಆಯಿತು. ಸಂಘದ ಹಿರಿಯರು ಮಾತಾಡಿದರು. ಓದಿನ ಮಹತ್ವದ ಬಗ್ಗೆ ಸೆಕ್ರೆಟರಿ ಮಾತಾಡಿದ, ಮಾತಾಡಿದ, ಮಾತಾಡುತ್ತಲೇ ಇದ್ದ. ಮೈಕು ನಡುನಡುವೆ ಕುಯ್ಯೋ ಅಂತ ಕಿರುಚುತ್ತಿತ್ತು. ಒಂದು ಮಗು ಅತ್ತಿತು. ಅದನ್ನು ಕಂಡು ಇನ್ನೊಂದು ಅತ್ತಿತು. ಎಲ್ಲಾ ಮುಗಿದು "ಈಗ ಕಥೆ" ಅನ್ನುವ ಹೊತ್ತಿಗೆ ಅರ್ಧ ಮಕ್ಕಳು ಮನೆಗೆ ಹೋಗಿದ್ದರು, ಉಳಿದವರಲ್ಲಿ ಇಬ್ಬರು ತಾಯಂದಿರ ಹೆಗಲ ಮೇಲೆ ನಿದ್ದೆ ಹೋಗಿದ್ದರು.

ಚಿನ್ನಿ ಕಾಣಲಿಲ್ಲ.

ಮೇಸ್ತ್ರಿ ಕಟಕಟೆ ನೋಡಿದ, ಇಲ್ಲ. ಮರದ ಅಟ್ಟಿಯ ಹಿಂದೆ ನೋಡಿದ, ಇಲ್ಲ. ಕೊನೆಗೆ ಕೆಲಸದ ಮೇಜಿನ ಕೆಳಗೆ ಬಗ್ಗಿ ನೋಡಿದರೆ ಅಲ್ಲಿದ್ದಳು. ಎರಡೂ ಕಿವಿ ಮುಚ್ಚಿಕೊಂಡು, ಮಂಡಿಯೊಳಗೆ ಮುಖ ಹುದುಗಿಸಿಕೊಂಡು ಮುದುಡಿ ಕೂತಿದ್ದಳು.

"ನೋಡಿದ್ರಾ ನರ್ಸಮ್ಮ? ನಾನು ಮೊದಲೇ ಬೇಡ ಅಂದೆ" ಅಂದ. "ಇರೋದನ್ನೂ ಹಾಳು ಮಾಡ್ಕೊಂಡಂಗಾಯ್ತು. ಸಾಕು, ಮುಗಿಸಿಬಿಡಿ."

ನರ್ಸಮ್ಮ ಸ್ಪೀಕರಿನ ಸ್ವಿಚ್ಚು ಆರಿಸಿ ಬಂದಳು. ಮೇಜಿನ ಪಕ್ಕ ಮರದ ಹೊಟ್ಟಿನ ಮೇಲೇ ಕೂತಳು. ಚೀಲದಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದು, ಚಿತ್ರ ಮೇಜಿನ ಕೆಳಗೆ ಕಾಣುವ ಹಾಗೆ ತಿರುಗಿಸಿ ಹಿಡಿದು, ಮೆಲ್ಲಗೆ ಓದೋಕೆ ಶುರುಮಾಡಿದಳು. ಒಂದು ಕಪ್ಪೆಯ ಟೋಪಿ ಗಾಳಿಗೆ ಹಾರಿಹೋಗುತ್ತೆ, ಕಪ್ಪೆ ಅದನ್ನು ಹುಡುಕುತ್ತಾ ಹೋಗುತ್ತೆ. ಅಷ್ಟೇ ಕಥೆ. ಹುಲ್ಲಲ್ಲಿ ಇದೆಯಾ? ಇಲ್ಲ. ಕಲ್ಲ ಕೆಳಗೆ ಇದೆಯಾ? ಇಲ್ಲ. ಪ್ರತಿ ಸಲ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುವಳು. ಯಾರೋ ಉತ್ತರ ಹೇಳುತ್ತಾರೆ ಅಂತ ಕಾಯುವವಳ ಹಾಗೆ.

ಮೂರನೆಯ ಪುಟಕ್ಕೆ ಚಿನ್ನಿ ಕಿವಿಯಿಂದ ಕೈ ತೆಗೆದಳು. ಇನ್ನೆರಡು ಮಕ್ಕಳು ತೆವಳಿಕೊಂಡು ಬಂದು ನರ್ಸಮ್ಮನ ತೊಡೆಗೆ ಒರಗಿದವು. ಮುಂದಿನ ಪುಟ ತಿರುಗಿಸೋದಕ್ಕೆ ನರ್ಸಮ್ಮ ಬೇಕಂತಲೇ ತಡ ಮಾಡಿದಳು. ಮೇಜಿನ ಕೆಳಗಿಂದ ಒಂದು ಪುಟ್ಟ ಕೈ ಹೊರಗೆ ಬಂತು. ಹಾಳೆಯ ಅಂಚು ಹಿಡಿದು ತಿರುಗಿಸಿತು.

ಮೇಸ್ತ್ರಿ ಅದನ್ನು ನಿಂತು ನೋಡಿದ. ಎಲ್ಲರೂ ಹೋದಮೇಲೆ ಕುರ್ಚಿ ಜೋಡಿಸುತ್ತಾ ಕೇಳಿದ: "ಮುಂದಿನ ಭಾನುವಾರಕ್ಕೆ ಏನು ಮಾಡಬೇಕು ಹೇಳಿ."

ಆ ವಾರ ಒಂದು ಸಂಜೆ ನರ್ಸಮ್ಮ, ಅಕ್ಕ, ಮೇಸ್ತ್ರಿ, ಮೂವರೂ ಕೂತು ಮಾತಾಡಿದರು. ಸೆಕ್ರೆಟರಿಯೂ ತಾನಾಗಿ ಬಂದ, ಮುಖ ಸಣ್ಣ ಮಾಡಿಕೊಂಡು. "ನಾನು ಸ್ವಲ್ಪ ಜಾಸ್ತಿ ಮಾತಾಡ್ದೆ ಅನ್ಸುತ್ತೆ" ಅಂದ.

"ಸ್ವಲ್ಪನಾ?" ಅಂದಳು ಅಕ್ಕ. ಎಲ್ಲರೂ ನಕ್ಕರು, ಅವನೂ ನಕ್ಕ.

"ದೊಡ್ಡದಾಗಿ ಮಾಡೋದು ಬೇಡ" ಅಂದಳು ನರ್ಸಮ್ಮ. "ಮೈಕು ಬೇಡ, ಭಾಷಣ ಬೇಡ, ಕುರ್ಚಿ ಬೇಡ. ಚಾಪೆ ಸಾಕು. ಮಕ್ಕಳು ಮುಂದೆ, ಅವರ ಜೊತೆಗೇ ಮನೆಯವರು, ನೆಲದ ಮೇಲೆ. ಓದುವವರು ಮಕ್ಕಳ ಕಣ್ಣಿನ ಎತ್ತರಕ್ಕೆ ಕೂರಬೇಕು. ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಸಣ್ಣ ಮಕ್ಕಳು ಅಷ್ಟು ಹೊತ್ತು ಕೂತರೇ ದೊಡ್ಡದು."

"ಎದ್ದು ಓಡಾಡಿದ್ರೆ?" ಅಂದ ಮೇಸ್ತ್ರಿ.

"ಓಡಾಡಲಿ. ಕೈ ಓಡಾಡುತ್ತೆ, ಕಾಲು ಓಡಾಡುತ್ತೆ, ಕಿವಿ ಇಲ್ಲೇ ಇರುತ್ತೆ. ಗದರಿಸಬೇಡಿ. ಅದೇ ಕಥೆ ಮತ್ತೆ ಬೇಕು ಅಂದ್ರೆ ಅದನ್ನೇ ಓದಿ. ನಮಗೆ ಬೇಜಾರಾಗುತ್ತೆ, ಅವರಿಗೆ ಆಗಲ್ಲ."

ಜಾಗದ ಹೊಣೆ ಮೇಸ್ತ್ರಿಯದು. ಶನಿವಾರ ಸಂಜೆ ಬೇಗ ಕೆಲಸ ನಿಲ್ಲಿಸಿದ. ಮಷೀನಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಗರಗಸದ ಹಲ್ಲಿನ ಮೇಲೆ ಹಲಗೆಯ ಪೆಟ್ಟಿಗೆ ಕವುಚಿದ. ಉಳಿ, ಉಜ್ಜುಗೊರಡು, ಸುತ್ತಿಗೆ ಎಲ್ಲಾ ಮೇಲಿನ ಹಲಗೆಗೆ ಹೋದವು. ಅಂಟಿನ ಡಬ್ಬಿ, ಪಾಲಿಶಿನ ಬಾಟಲಿ ಬೀಗದೊಳಗೆ. ಆಮೇಲೆ ಒಂದು ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆಲ್ಲಾ ಎಳೆದ. ಗುಡಿಸಿದ ಮೇಲೂ ಉಳಿದಿದ್ದ ಸಣ್ಣ ಸಣ್ಣ ಮೊಳೆಗಳು ಅದಕ್ಕೆ ಬಂದು ಕಚ್ಚಿಕೊಂಡವು. ಚಿನ್ನಿ ಕಟಕಟೆಯ ಸಂದಿಯಿಂದ ನೋಡುತ್ತಿದ್ದಳು. ಅವನು ಅವಳನ್ನು ಎತ್ತಿ ಕೆಳಗಿಳಿಸಿ ದಾರವನ್ನು ಅವಳ ಕೈಗೆ ಕೊಟ್ಟ. ಇಬ್ಬರೂ ಸೇರಿ ಎಳೆದರು.

ಓದೋಕೆ ಎಲ್ಲರಿಗಿಂತ ಮೊದಲು ಒಪ್ಪಿಕೊಂಡವನು ಅದೇ ಬೀದಿಯ ಕಂಡಕ್ಟರ್ ತಾತ, ಕೆಲಸದಿಂದ ನಿವೃತ್ತನಾದವನು. ಬಸ್ಸಿನಲ್ಲಿ ಕೂಗಿ ಕೂಗಿ ಗಂಟಲು ಗಟ್ಟಿಯಾಗಿತ್ತು. ಕಥೆಯೊಳಗೆ ಯಾವ ಪ್ರಾಣಿ ಹೊರಟರೂ "ರೈಟ್ ರೈಟ್" ಅನ್ನುವನು, ನಿಂತರೆ "ಹೋಲ್ಡಾನ್" ಅನ್ನುವನು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಎದುರು ಮನೆಯ ಟೈಲರಮ್ಮ ಬಂದಳು, ಆದರೆ ಬಾಗಿಲಲ್ಲೇ ನಿಂತಳು.

"ನನಗೆ ಓದು ಬರಲ್ಲ ನರ್ಸಮ್ಮ. ನನ್ನ ಮಗು ಕೇಳಲಿ, ನಾನು ಇಲ್ಲೇ ಇರ್ತೀನಿ."

"ಚಿತ್ರ ನೋಡೋಕೆ ಬರುತ್ತಲ್ಲ?"

"ಅದಕ್ಕೇನು."

"ಹಾಗಾದ್ರೆ ಚಿತ್ರ ನೋಡಿ ನಿಮಗೆ ತೋಚಿದ ಕಥೆ ಹೇಳಿ. ಪುಸ್ತಕ ಬರೆದವರೇನೂ ಬಂದು ಜಗಳ ಆಡಲ್ಲ."

ಟೈಲರಮ್ಮ ಸೆರಗು ಸರಿಮಾಡಿಕೊಂಡು ಕೂತಳು. ಆನೆಯ ಚಿತ್ರ ಬಂತು. ಆನೆಗೆ ಪ್ಯಾಂಟು ಹೊಲಿಯಬೇಕು ಅಂದರೆ ಎಷ್ಟು ಬಟ್ಟೆ ಬೇಕು, ಬಾಲಕ್ಕೆ ತೂತು ಎಲ್ಲಿ ಬಿಡಬೇಕು ಅಂತ ಶುರುಮಾಡಿದಳು ನೋಡಿ, ಕಂಡಕ್ಟರ್ ತಾತನೂ ಬಾಯಿ ಬಿಟ್ಟುಕೊಂಡು ಕೇಳಿದ.

ಸೆಕ್ರೆಟರಿಗೆ ಅವನಿಗೆ ತಕ್ಕ ಕೆಲಸ ಸಿಕ್ಕಿತು. ಅರ್ಧ ಗಂಟೆ ಬೀದಿ ಬಾಗಿಲಲ್ಲಿ ನಿಲ್ಲುವುದು. ಮಕ್ಕಳು ರಸ್ತೆಗೆ ಓಡದ ಹಾಗೆ, ಸ್ಕೂಟರಿನವರು ಹಾರ್ನ್ ಹೊಡೆಯದ ಹಾಗೆ ನೋಡಿಕೊಳ್ಳುವುದು. ಒಂದು ಮಾತೂ ಆಡದೆ, ತುಟಿ ಮೇಲೆ ಬೆರಳಿಟ್ಟುಕೊಂಡು ನಿಲ್ಲುತ್ತಿದ್ದ.

ವಾರದ ಮೇಲೆ ವಾರ ಕಳೆಯಿತು. ಕೆಲವು ಭಾನುವಾರ ಹತ್ತು ಹನ್ನೆರಡು ಮಕ್ಕಳು, ಕೆಲವು ಭಾನುವಾರ ಮೂರೇ ಮೂರು. ಮೂವರಿದ್ದರೂ ಓದು ನಿಲ್ಲಲಿಲ್ಲ. ಮುಗಿದಮೇಲೆ ಪ್ರತಿ ಮಗುವೂ ನರ್ಸಮ್ಮ ಶಾಲೆಯಿಂದ ಕೇಳಿ ತಂದಿಟ್ಟ ಪುಸ್ತಕಗಳಲ್ಲಿ ಒಂದನ್ನು ಮನೆಗೆ ಒಯ್ಯುತ್ತಿತ್ತು, ಮುಂದಿನ ವಾರ ತರುತ್ತಿತ್ತು. ಹರಿದರೆ ಅಕ್ಕ ಅಂಟಿಸುತ್ತಿದ್ದಳು. ಮೇಸ್ತ್ರಿ ಚಿನ್ನಿಯನ್ನು ಮಾತಿನ ತರಬೇತಿಗೂ ಕರೆದುಕೊಂಡು ಹೋಗತೊಡಗಿದ. ಅಲ್ಲಿನವರೂ ಅದನ್ನೇ ಹೇಳಿದರು: ಮನೆಯಲ್ಲಿ ಮಾತಾಡಿ, ಓದಿ ಹೇಳಿ, ಅವಳ ಸರದಿಗೆ ಕಾಯಿರಿ.

ಚಿನ್ನಿ ಮೊದಲು ಕಪ್ಪೆಯ ಹಾಗೆ "ವಟರ್" ಅಂದಳು. ಎಲ್ಲರೂ ತಿರುಗಿ ನೋಡಿದ್ದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಳು. ಎರಡು ವಾರ ಬಿಟ್ಟು, ಕಥೆ ಮುಗಿದಾಗ, ಪುಸ್ತಕದ ಮೇಲೆ ಕೈಯಿಟ್ಟು "ಮತ್ತೆ" ಅಂದಳು. ಅಕ್ಕ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಮೇಸ್ತ್ರಿ ಮಾತ್ರ ಇನ್ನೂ ಗೋಡೆಗೆ ಒರಗಿ ನಿಂತೇ ಕೇಳುತ್ತಿದ್ದ. ರಾತ್ರಿ ಮಗುವಿಗೆ ಓದಿ ಹೇಳುತ್ತಿದ್ದವಳೂ ಅಕ್ಕನೇ.

ಹೀಗಿರುವಾಗ ಒಂದು ಭಾನುವಾರ ಕಂಡಕ್ಟರ್ ತಾತನಿಗೆ ಗಂಟಲು ಕಟ್ಟಿತು. ನರ್ಸಮ್ಮನಿಗೆ ಆಸ್ಪತ್ರೆ ಡ್ಯೂಟಿ. ಮಕ್ಕಳು ಬಂದು ಚಾಪೆ ಮೇಲೆ ಕೂತಾಗಿತ್ತು. ಅಕ್ಕ ಒಂದು ಪುಸ್ತಕ ತಂದು ತಮ್ಮನ ಕೈಗಿಟ್ಟಳು.

"ನನಗೆ ಆಗಲ್ಲ ಅಕ್ಕಾ."

"ಓದಕ್ಕೆ ಬರುತ್ತಲ್ಲೋ ನಿನಗೆ."

"ಬರುತ್ತೆ, ಆದ್ರೆ..." ಶಾಲೆ ಬಿಟ್ಟಮೇಲೆ ಅವನು ಗಟ್ಟಿಯಾಗಿ ಓದಿದ್ದೇ ಇಲ್ಲ. ಹೆಂಡತಿ ಹೋದಮೇಲಂತೂ ತನ್ನ ದನಿ ತನಗೇ ಯಾರದ್ದೋ ಅನಿಸುತ್ತಿತ್ತು.

ಚಿನ್ನಿ ಎದ್ದು ಬಂದು ಅವನ ಬೆರಳು ಹಿಡಿದು ಎಳೆದಳು. ಅವನು ಕೂತ.

ಅದು ಒಂದು ಅಳಿಲಮ್ಮನ ಕಥೆ. ಅಮ್ಮ ಅಳಿಲು ಕಾಳು ತರೋಕೆ ದೂರ ಹೋಗುತ್ತೆ. ಮರಿಗಳು ಪೊಟರೆಯಲ್ಲಿ ಕಾಯುತ್ತವೆ. ಮೇಸ್ತ್ರಿ ಅಕ್ಷರ ಅಕ್ಷರ ಕೂಡಿಸಿಕೊಂಡು, ತಡವರಿಸುತ್ತಾ ಓದಿದ. ಮಕ್ಕಳು ನಗಲಿಲ್ಲ. ನಿಧಾನವಾಗಿ ಓದಿದ್ದೇ ಅವಕ್ಕೆ ಹಿಡಿಸಿತೋ ಏನೋ, ಹತ್ತಿರ ಹತ್ತಿರ ಸರಿದು ಬಂದವು. ಬಿಸಿಲು ಇಳಿಯುತ್ತೆ, ಅಮ್ಮ ಬರಲಿಲ್ಲ. ಗಾಳಿ ಬೀಸುತ್ತೆ, ಅಮ್ಮ ಬರಲಿಲ್ಲ. ಕೊನೆಯ ಪುಟದಲ್ಲಿ ಅಮ್ಮ ಬರುತ್ತೆ, ಕೆನ್ನೆ ತುಂಬಾ ಕಾಳು. ಮರಿಗಳೆಲ್ಲಾ ಓಡಿ ಹೋಗಿ ತಬ್ಬಿಕೊಳ್ಳುತ್ತವೆ.

"ನಮ್ಮಮ್ಮ ಬರ್ಲಿಲ್ಲ."

ಚಿನ್ನಿ ಹೇಳಿದ್ದು. ಗಟ್ಟಿಯಾಗಿ ಹೇಳಿರಲಿಲ್ಲ. ಆದರೆ ಅಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಬಾಗಿಲಲ್ಲಿದ್ದ ಸೆಕ್ರೆಟರಿ ತುಟಿ ಮೇಲಿನ ಬೆರಳು ಕೆಳಗಿಳಿಸಿದ. ಮೇಸ್ತ್ರಿಯ ನಾಲಿಗೆ ತುದಿಗೆ ಹಳೆಯ ಮಾತು ಬಂತು. ಹೆಂಡತಿ ಹೋದ ಮೊದಲ ದಿನಗಳಲ್ಲಿ ಮಗು ಬಾಗಿಲ ಕಡೆ ಕೈ ತೋರಿಸಿ "ಅಮ್ಮ?" ಅಂದಾಗಲೆಲ್ಲಾ ಅವನು "ಊರಿಗೆ ಹೋಗಿದ್ದಾಳೆ ಕಂದಾ, ಬರ್ತಾಳೆ" ಅಂದಿದ್ದ. ಸ್ವಲ್ಪ ದಿನಕ್ಕೆ ಮಗು ಕೇಳೋದು ನಿಲ್ಲಿಸಿತ್ತು. ಮರೆತಿದ್ದಾಳೆ ಅಂತ ಎಲ್ಲರೂ ಸಮಾಧಾನಪಟ್ಟುಕೊಂಡಿದ್ದರು.

ಈಗಲೂ ಅದನ್ನೇ ಹೇಳಬಹುದಿತ್ತು. ಅವನು ಹೇಳಲಿಲ್ಲ.

"ಹೌದಮ್ಮ. ಬರ್ಲಿಲ್ಲ" ಅಂದ. ಪುಸ್ತಕವನ್ನು ಟೈಲರಮ್ಮನ ಕೈಗೆ ಕೊಟ್ಟ. "ನೀವು ಮುಂದಿನದು ಹೇಳ್ತಿರಿ" ಅಂದವನೇ ಮಗುವನ್ನು ಎತ್ತಿಕೊಂಡು ಹಿಂದಿನ ಅಂಗಳಕ್ಕೆ ಹೋದ.

ಅಲ್ಲಿ ಒಣಗಲು ಇಟ್ಟ ಹಲಗೆಗಳಿದ್ದವು. ಒಂದರ ಮೇಲೆ ಅವಳನ್ನು ಕೂರಿಸಿ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಅಮ್ಮ ಊರಿಗೆ ಹೋಗಿಲ್ಲ ಚಿನ್ನಿ. ಅಪ್ಪ ತಪ್ಪು ಹೇಳ್ಬಿಟ್ಟೆ. ಅಮ್ಮಂಗೆ ತುಂಬಾ ಹುಷಾರಿರಲಿಲ್ಲ. ಡಾಕ್ಟರು ಔಷಧಿ ಕೊಟ್ರು, ವಾಸಿ ಆಗ್ಲಿಲ್ಲ. ಅಮ್ಮ ಸತ್ತುಹೋದ್ಲು. ಸತ್ತುಹೋದವರಿಗೆ ಮತ್ತೆ ಬರಕ್ಕೆ ಆಗಲ್ಲ ಕಂದಾ."

ಚಿನ್ನಿ ಅವನ ಮುಖವನ್ನೇ ನೋಡಿದಳು. ಎಷ್ಟು ಅರ್ಥವಾಯಿತೋ. ಅವಳ ತುಟಿ ಅಲುಗಿತು. ಮಾತು ಹುಡುಕುತ್ತಿದ್ದಳು. ಅವನು ಅವಸರ ಮಾಡಲಿಲ್ಲ, ಕಾದ.

"ಗಲಾಟೆ ಮಾಡಲ್ಲ" ಅಂದಳು. "ಬರ್ತಾಳಾ?"

ಮೇಸ್ತ್ರಿಗೆ ಒಂದು ಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಹೆಂಡತಿ ಜ್ವರದಲ್ಲಿ ಮಲಗಿದ್ದಾಗ ಮನೆಗೆ ಬಂದವರು, ಹೋದವರು, ಅಕ್ಕ, ತಾನು, ಎಲ್ಲರೂ ಈ ಮಗುವಿಗೆ ಹೇಳಿದ್ದು ಒಂದೇ ಮಾತು. ಶ್! ಗಲಾಟೆ ಮಾಡಬೇಡ, ಅಮ್ಮ ಮಲಗಿದ್ದಾಳೆ. ಗಲಾಟೆ ಮಾಡದೆ ಇದ್ರೆ ಅಮ್ಮ ಬೇಗ ಹುಷಾರಾಗ್ತಾಳೆ.

ಮಗು ಆ ಮಾತನ್ನು ನಂಬಿತ್ತು. ಇಷ್ಟು ಕಾಲ ನಂಬಿಕೊಂಡೇ ಇತ್ತು. ಬಾಯಿ ಮುಚ್ಚಿಕೊಂಡು, ಅಳುವನ್ನೂ ನುಂಗಿಕೊಂಡು, ಅಮ್ಮ ಬರಲಿ ಅಂತ ಕಾದಿತ್ತು.

ಅವನಿಗೆ ತಡೆಯಲಾಗಲಿಲ್ಲ. ಮಗುವನ್ನು ಎದೆಗೆ ಅವುಚಿಕೊಂಡು ಅತ್ತ. ಹೆಂಡತಿ ಸತ್ತ ದಿನವೂ ಅವನು ಹೀಗೆ ಅತ್ತಿರಲಿಲ್ಲ. ಅಳುತ್ತಲೇ ಹೇಳಿದ: "ಇಲ್ಲ ಕಣಮ್ಮ. ನೀನು ಗಲಾಟೆ ಮಾಡಿದ್ದಕ್ಕೆ ಅಮ್ಮ ಹೋಗಿದ್ದಲ್ಲ. ನಿನ್ನ ಗಲಾಟೆ ಅಂದ್ರೆ ಅಮ್ಮಂಗೆ ಪ್ರಾಣ. ನಿನ್ನ ತಪ್ಪು ಏನೂ ಇಲ್ಲ. ಏನೇನೂ ಇಲ್ಲ."

ಆಗ ಚಿನ್ನಿ ಅತ್ತಳು. ಸದ್ದು ಮಾಡಿ ಅತ್ತಳು. ಬೀದಿಗೆಲ್ಲಾ ಕೇಳುವಷ್ಟು ಜೋರಾಗಿ, ಬಾಯಿ ತೆರೆದು, ಉಸಿರು ಕಟ್ಟಿ ಕಟ್ಟಿ ಅತ್ತಳು. ಒಳಗೆ ಟೈಲರಮ್ಮ ಕಥೆ ನಿಲ್ಲಿಸಿದಳು. ಅಕ್ಕ ಹಿತ್ತಲ ಬಾಗಿಲ ತನಕ ಬಂದು ಅಲ್ಲೇ ನಿಂತಳು. ಯಾರೂ ಶ್ ಅನ್ನಲಿಲ್ಲ.

ಸಂಜೆ ಡ್ಯೂಟಿ ಮುಗಿಸಿ ಬಂದ ನರ್ಸಮ್ಮ ಎಲ್ಲಾ ಕೇಳಿಸಿಕೊಂಡಳು. "ಮಗು ಯಾಕೆ ಸುಮ್ಮನಾಯ್ತು ಅಂತ ನಾವ್ಯಾರೂ ಕೇಳಲೇ ಇಲ್ಲ" ಅಂದಳು. "ಅವಳು ಮತ್ತೆ ಮತ್ತೆ ಕೇಳ್ತಾಳೆ ಮೇಸ್ತ್ರಿ. ನಾಳೆ ಕೇಳ್ತಾಳೆ, ಮುಂದಿನ ತಿಂಗಳೂ ಕೇಳ್ತಾಳೆ. ಸಣ್ಣವರಿಗೆ ಒಂದೇ ಸಲಕ್ಕೆ ಅರ್ಥ ಆಗಲ್ಲ. ಪ್ರತಿ ಸಲ ಇದೇ ನಿಜವನ್ನ ಹೇಳಿ. ಕಷ್ಟ ಆದ್ರೆ ನನ್ನ ಕರೀರಿ."

"ನಾನೇ ಹೇಳ್ತೀನಿ" ಅಂದ ಮೇಸ್ತ್ರಿ.

ಚಿನ್ನಿಯ ಮಾತು ಒಂದೇ ದಿನಕ್ಕೆ ಉಕ್ಕಿ ಬರಲಿಲ್ಲ. ಕಥೆಗಳಲ್ಲಿ ಹಾಗಾಗುತ್ತೆ, ಮನೆಗಳಲ್ಲಿ ಆಗಲ್ಲ. ಇವತ್ತೂ ಅವಳು ತನ್ನ ವಯಸ್ಸಿನ ಮಕ್ಕಳಿಗಿಂತ ಸ್ವಲ್ಪ ಹಿಂದೆಯೇ ಇದ್ದಾಳೆ, ತರಬೇತಿ ನಡೆಯುತ್ತಲೇ ಇದೆ. ಆದರೆ ಈಗ ನೀರು ಬೇಕಾದರೆ ನೀರು ಅನ್ನುತ್ತಾಳೆ, ಬೇಡವಾದರೆ ಬೇಡ ಅಂತ ಕೂಗುತ್ತಾಳೆ. ಕಟಕಟೆಯನ್ನು ಮೇಸ್ತ್ರಿ ಬಿಚ್ಚಿ ಪುಸ್ತಕ ಇಡುವ ಗೂಡು ಮಾಡಿದ್ದಾನೆ, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ. ಹಗಲು ಹೊತ್ತು ಟೈಲರಮ್ಮ ತನ್ನ ಮಗುವಿನ ಜೊತೆ ಚಿನ್ನಿಯನ್ನೂ ನೋಡಿಕೊಳ್ಳುತ್ತಾಳೆ. ರಾತ್ರಿ ಊಟ ಆದಮೇಲೆ ಅಪ್ಪ ಮಗಳು ಒಂದು ಪುಸ್ತಕ ಹಿಡಿದು ಕೂರುತ್ತಾರೆ. ಅವನು ಈಗಲೂ ತಡವರಿಸುತ್ತಾನೆ. ಅವಳು ನಡುವೆ ತಡೆದು, "ಹಂಗಲ್ಲ ಅಪ್ಪ" ಅಂತ ತನಗೆ ತೋಚಿದ್ದು ಹೇಳುತ್ತಾಳೆ. ಒಮ್ಮೊಮ್ಮೆ ಪುಸ್ತಕ ಬಿಟ್ಟು ಅವಳಮ್ಮನ ಸುದ್ದಿ ಬರುತ್ತೆ. ಆ ಮನೆಯಲ್ಲಿ ಈಗ ಅವಳಮ್ಮನ ಬಗ್ಗೆ ಮಾತಾಡುತ್ತಾರೆ.

ಈ ಕಥೆ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಬೀದಿಯಲ್ಲೂ ಪುಟ್ಟ ಮಕ್ಕಳಿದ್ದಾರೆ. ಅವರಲ್ಲಿ ತುಂಬಾ ಸುಮ್ಮನಿರುವ ಮಗುವೂ ಒಂದಿರಬಹುದು. ಮಾತು ತಡವಾದರೆ ತಾನಾಗೇ ಬರುತ್ತೆ ಅಂತ ಕೂರಬೇಡಿ. ಕಿವಿ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ. ಅದರ ಜೊತೆಗೆ ಮಗುವಿನ ಹತ್ತಿರ ಕೂತು ಮಾತಾಡಿ, ಓದಿ ಹೇಳಿ. ಹೇಳಿದಮೇಲೆ ಸ್ವಲ್ಪ ಹೊತ್ತು ನಿಲ್ಲಿ, ಅದು ಏನನ್ನುತ್ತೆ ಕೇಳಿ.

ಓದಿನ ಕೂಟಕ್ಕೆ ದೊಡ್ಡ ಏರ್ಪಾಡು ಏನೂ ಬೇಡ. ಗಾಯವಾಗದ ಒಂದು ಜಾಗ, ಒಂದೆರಡು ಚಾಪೆ, ನಾಲ್ಕು ಚಿತ್ರದ ಪುಸ್ತಕ, ಕುಡಿಯೋಕೆ ನೀರು, ಬಾಗಿಲು ಕಾಯೋಕೆ ಒಬ್ಬರು. ಪುಸ್ತಕ ಇಲ್ಲದಿದ್ದರೆ ಹತ್ತಿರದ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಕೇಳಿ. ಓದು ಬಾರದವರು ಚಿತ್ರ ನೋಡಿ ಹೇಳಿ. ತಡವರಿಸುವವರು ತಡವರಿಸಿಯೇ ಓದಿ. ಮೊದಲ ವಾರ ಇಬ್ಬರೇ ಮಕ್ಕಳು ಬಂದರೆ ಆ ಇಬ್ಬರಿಗೇ ಓದಿ, ಮುಂದಿನ ವಾರವೂ ಅದೇ ಹೊತ್ತಿಗೆ ಬಾಗಿಲು ತೆಗೆದಿಡಿ.

ಯಾರಾದರೂ ಮಾಡಲಿ ಅಂತ ಕಾಯಬೇಡಿ. ಈ ಭಾನುವಾರವೇ ಮಾಡಿ, ನಿಮ್ಮ ಮನೆಯಲ್ಲೇ ಮಾಡಿ.